ಮೂರು ಕಬ್ಬಿಣದ ಟೋಪಿ

"ನೆಕ್ಕು."

ತಂಕೋರಿ ತಲೆಯೆತ್ತಲಿಲ್ಲ. ಒಡೆದ ಮಣ್ಣಿನ ಬಾನಿಯ ಚೂರುಗಳು ಒಲೆಯ ಸುತ್ತ ಚೆದುರಿದ್ದವು. ಬೆಳಗಿನಿಂದ ಕುದಿಸಿ ಕುದಿಸಿ ಇನ್ನೇನು ಹರಳುಗಟ್ಟಬೇಕು ಅನ್ನುವಾಗ ಬಾನಿ ಸೀಳಿ, ಉಪ್ಪೆಲ್ಲ ಕೆಸರಿಗೆ ಚೆಲ್ಲಿ, ಬೂದಿಯಲ್ಲಿ ಕಲೆತು ಹೊಗೆಯಾಡುತ್ತಿತ್ತು.

"ಕಿವಿ ಕೇಳಿಸಲ್ವೇನೇ ಹೊಲಸು ಮುಂಡೆ? ಅದು ರೋಮಿನ ಚಕ್ರವರ್ತಿಯ ಉಪ್ಪು. ನಿಮ್ಮಪ್ಪನ ಮನೆಯದಲ್ಲ. ಬಾಗಿ ನೆಕ್ಕು ಅಂದೆ."

ಹಾಗೆಂದವನು ಉಪ್ಪಿನ ಮಾಳದ ಅಧಿಕಾರಿ ಫಾವೋನಿಯಸ್. ಬ್ರಿಟಾನಿಯಾದ ಪಡುವಣ ಕಡಲ ಅಳಿವೆಯಲ್ಲಿ, ಜೌಗಿನ ಅಂಚಿಗೆ ಹಬ್ಬಿದ್ದ ಆ ಮಾಳದಲ್ಲಿ ಅವನ ಮಾತೇ ಕಟ್ಟಳೆ. ಅವನ ಕಲ್ಲುಮನೆಯ ಹೊಸ್ತಿಲ ಒಳಗೆ ಏನಿದೆ, ಯಾರಿದ್ದಾರೆ ಎಂದು ಕಂಡವರಿರಲಿಲ್ಲ. ಅಲ್ಲಿ ಹುಟ್ಟಿದವರು ಅಲ್ಲೇ ಉಪ್ಪು ಬೇಯಿಸಿ ಅಲ್ಲೇ ಸಾಯಬೇಕು. ಮಾಳ ಬಿಟ್ಟು ಹೋದವರನ್ನು ಕಾಲಿಗೆ ಸರಪಣಿ ಬಿಗಿದು ಎಳೆದು ತರುತ್ತಿದ್ದರು. ಫಾವೋನಿಯಸ್ ನಿಂತದ್ದು ಕೆಸರಿನ ಮೇಲಲ್ಲ, ಅವನ ಚರ್ಮದ ಬೂಟು ಕೊಳೆಯಾಗದಂತೆ ಆಳುಗಳು ಹಾಸಿದ ಹಲಗೆಯ ಮೇಲೆ. ಅವನ ಹಿಂದೆ ಮೂವರು ಸಿಪಾಯಿಗಳು. ತಲೆಗೆ ಕಬ್ಬಿಣದ ಟೋಪಿ, ಕೆನ್ನೆ ಮುಚ್ಚುವ ಕಬ್ಬಿಣದ ರೆಕ್ಕೆ, ಮೈಗೆ ಸರಪಣಿ ಅಂಗಿ. ಹಳೆಯ ಸಿಪಾಯಿಗಳ ಬದಲಿಗೆ ಇವರು ಬಂದು ಒಂದು ವರ್ಷದ ಮೇಲಾಗಿತ್ತು. ಹಳಬರು ಬೈಯುತ್ತಿದ್ದರು, ಹಾಡುತ್ತಿದ್ದರು, ಕುಡಿದು ಉರುಳುತ್ತಿದ್ದರು. ಇವರು ತುಟಿ ಬಿಚ್ಚುತ್ತಿರಲಿಲ್ಲ. ಅದಕ್ಕೇ ಇವರನ್ನು ಕಂಡರೆ ಭಯ ಹೆಚ್ಚು.

ತಂಕೋರಿ ಮಂಡಿಯೂರಿ ಬಾಗಿದಳು. ಉಪ್ಪು, ಬೂದಿ, ಕೆಸರು. ತುಟಿಯ ಬಿರುಕುಗಳಿಗೆಲ್ಲ ಬೆಂಕಿ ಇಟ್ಟಂತಾಯಿತು.

ಅವಳ ಗಂಡ ಮತುಗ ಅಡ್ಡೆಯಲ್ಲಿ ಉಪ್ಪುನೀರು ಹೊತ್ತು ಬರುತ್ತಿದ್ದವನು ಅಲ್ಲೇ ನಿಂತ. ಅಡ್ಡೆ ಇಳಿಸಿದ.

"ಬುದ್ಧೀ, ಬಾನಿನೇ ಹಸಿ ಬೆಂದಿತ್ತು, ಅವ್ಳ ತಪ್ಪೇನೂ ಇಲ್ಲ," ಎಂದ. ಅಷ್ಟಕ್ಕೆ ಸುಮ್ಮನಾಗಿದ್ದರೆ ಎರಡೇಟು ತಿಂದು ಬದುಕುತ್ತಿದ್ದನೋ ಏನೋ. ಆದರೆ ಮತುಗನ ನಾಲಗೆ ಸುಮ್ಮನಿರುವ ನಾಲಗೆಯಲ್ಲ. "ಉಪ್ ಬೇಯ್ಸೋರೂ ನಾವೇ, ಮೂರೊತ್ತೂ ಸಪ್ಪೆ ಗಂಜಿ ಕುಡಿಯೋರೂ ನಾವೇಯ. ಬುಡಿ, ನೆಕ್ಕಕ್ಕಾದ್ರೂ ಸಿಕ್ತಲ್ಲ."

ಒಲೆಗಳ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಫಾವೋನಿಯಸ್‌ನ ಮುಖ ಕೆಂಪಾಗಲಿಲ್ಲ, ಬಿಳಿಚಿಕೊಂಡಿತು. ಅವನು ಮೆಲ್ಲಗೆ ತಲೆಯಾಡಿಸಿದ.

"ಪಾಪ. ಇವನಿಗೆ ಯಾರೂ ಉಪ್ಪೇ ಕೊಟ್ಟಿಲ್ವಂತೆ. ಕೊಡಿ."

ಇಬ್ಬರು ಸಿಪಾಯಿಗಳು ಮತುಗನನ್ನು ಕೆಡವಿ ತೋಳು ಹಿಡಿದರು. ಮೂರನೆಯವನು, ದಪ್ಪ ಬೆರಳಿನವನು, ಮಂಕರಿಯಿಂದ ಬೊಗಸೆ ಬೊಗಸೆ ಉಪ್ಪು ತೆಗೆದು ಬಾಯಿಗೆ ತುರುಕತೊಡಗಿದ. ಮತುಗ ಉಗಿದ, ಮೂಗು ಹಿಡಿದು ತುರುಕಿದರು. ಕೆಮ್ಮಿದ, ಕೆಮ್ಮಿನ ನಡುವೆಯೇ ತುರುಕಿದರು. ಮಂಕರಿಯ ತಳ ಕಾಣುವ ತನಕ ಬಿಡಲಿಲ್ಲ.

"ಉಪ್ಪು ತಿಂದವನು ನೀರು ಕುಡಿಯಲೇಬೇಕಂತೆ," ಎಂದ ಫಾವೋನಿಯಸ್, ಹಲಗೆಯ ಮೇಲೆಯೇ ತಿರುಗುತ್ತ. "ಅಷ್ಟು ದೊಡ್ಡ ಕಡಲಿದೆ. ಕುಡಿಯಲಿ. ಬಾವಿ ಹತ್ತಿರ ಮಾತ್ರ ಬಿಡಬೇಡಿ."

ಮಾಳದ ಅಷ್ಟೂ ಜನ ನೋಡುತ್ತ ನಿಂತಿದ್ದರು. ಕೈಯಲ್ಲಿ ಸಲಿಕೆ ಇತ್ತು, ಗುದ್ದಲಿ ಇತ್ತು, ಒಲೆಗೆ ಉರಿಸುವ ಜೌಗಿನ ಹೆಂಟೆ ಕಡಿಯುವ ಹರಿತವಾದ ಹಾರೆ ಇತ್ತು. ಯಾರೂ ಅಲುಗಲಿಲ್ಲ. ಮೂರು ಟೋಪಿಯ ಹಿಂದೆ ಬೆಟ್ಟದಾಚೆಯ ಕೋಟೆ ಇದೆ, ಕೋಟೆಯ ಹಿಂದೆ ದಂಡು ಇದೆ, ದಂಡಿನ ಹಿಂದೆ ರೋಮ್ ಇದೆ. ರೋಮನ್ನು ಕಂಡವರು ಯಾರೂ ಇರಲಿಲ್ಲ. ಆದರೆ ತಾತಂದಿರ ಕಾಲದಲ್ಲಿ ಒಬ್ಬ ಸಿಪಾಯಿಯ ಮೇಲೆ ಕೈಮಾಡಿದ ಹಳ್ಳಿಯೊಂದನ್ನು ನಾಯಿ ಸಮೇತ ಸುಟ್ಟ ಕಥೆ ಎಲ್ಲರಿಗೂ ಗೊತ್ತಿತ್ತು.

ಸಿಪಾಯಿಗಳು ಬಾವಿಕಟ್ಟೆ ಬಿಟ್ಟು ಹೋಗುವಷ್ಟರಲ್ಲಿ ಸಂಜೆಯಾಗಿತ್ತು. ತಂಕೋರಿ ನೀರು ತಂದು ಕುಡಿಸಿದಳು. ಕುಡಿದದ್ದೆಲ್ಲ ಹೊರಗೆ ಬಂತು. ಅವನ ನಾಲಗೆ ಮರದ ತುಂಡಿನಂತೆ ಬಾತಿತ್ತು. ಅಷ್ಟು ಮಾತಿನ ಮನುಷ್ಯನಿಗೆ ಒಂದು ಮಾತೂ ಆಡಲಾಗಲಿಲ್ಲ. ಮೈಯೆಲ್ಲ ಬಿಲ್ಲಿನಂತೆ ಸೆಟೆದು ಸೆಟೆದು, ಮಾರನೆಯ ದಿನ ಹೊತ್ತು ನೆತ್ತಿಗೆ ಬರುವ ಮೊದಲೇ ಸತ್ತ.

ಮಣ್ಣು ಮಾಡಿ ಬಂದ ಮೇಲೆ ತಂಕೋರಿ ಗುಡಿಸಲ ಸೂರಿನಿಂದ ಹೊಗೆ ಹಾಕಿ ಒಣಗಿಸಿದ್ದ ಹಾವುಮೀನಿನ ಸರ ಇಳಿಸಿದಳು.

"ಎಲ್ಗೆ ಹೊಂಟೆ ತಾಯಿ?" ಎಂದ ಕೂನಜ್ಜ. ಒಲೆಗಳವರಲ್ಲೆಲ್ಲ ಅವನೇ ಹಿರಿಯ.

"ಕೋಟೆಗೆ. ದಳವಾಯಿನ ಕಾಣಕ್ಕೆ."

"ತಲೆ ಕೆಟ್ಟಿತಾ ನಿಂಗೆ?"

"ಸಾಯ್ಸಬೇಕು ಅಂದ್ರೆ ನ್ಯಾಯ ಕೇಳಿ ಸಾಯ್ಸಬೇಕಂತಲ್ಲ ಅಜ್ಜ, ಅವ್ರ ಕಾನೂನ್ನಾಗೆ. ಇವ್ನು ಯಾರ್ನ ಕೇಳ್ದ? ಸಿಪಾಯಿ ತಪ್ಪು ಮಾಡುದ್ರೆ ಅವ್ನ ದಳವಾಯಿ ಕೇಳ್ಬೇಕು. ಕಾಲ್ ಹಿಡ್ಕೊಂಡ್ ಕೇಳ್ತೀನಿ."

"ಬರಿಗೈಲಿ ಹೋದ್ರೆ ಬಾಗ್ಲಲ್ಲೇ ಒದೀತಾರೆ."

"ಅದ್ಕೇ ಮೀನ್ ಎತ್ಕೊಂಡೆ."

ಬೆಟ್ಟದ ಮೇಲಿನ ನೋದನೆಂಬ ದೇವರಿಗೆ ಸತ್ತವನ ಹೆಸರಲ್ಲಿ ಎಡೆ ಇಟ್ಟು ಬರುತ್ತೇನೆಂದು ಹೇಳಿ ಒಂದು ದಿನದ ಬಿಡುವು ಪಡೆದಳು. ಫಾವೋನಿಯಸ್ ತಲೆ ಕೂಡ ಎತ್ತದೆ, "ಅತ್ತು ಮುಗಿಸಿ ಬೇಗ ಬಾ, ಒಲೆ ತಣ್ಣಗಿದೆ," ಎಂದಿದ್ದ.

ಬೆಟ್ಟದಾಚೆ ಇಳಿದಾಗ ಕೋಟೆಯ ಬಾಗಿಲು ತೆರೆದೇ ಇತ್ತು. ಒಂದು ಕದ ಇರಲೇ ಇಲ್ಲ. ಕಾವಲುಗೋಪುರದ ಕೆಳಗೆ ಕುರಿಗಳು ಮಲಗಿದ್ದವು. ದಂಡು ಸಾಲುಗಟ್ಟಿ ನಿಲ್ಲುತ್ತಿದ್ದ ಅಂಗಳದಲ್ಲಿ ಸೊಂಟದೆತ್ತರಕ್ಕೆ ತುರಚಿ ಗಿಡ ಬೆಳೆದಿತ್ತು. ತಂಕೋರಿ ಮೀನಿನ ಸರವನ್ನು ಎರಡೂ ಕೈಯಲ್ಲಿ ಹಿಡಿದು, ಯಾರಾದರೂ ಗದರಿಸಲಿ ಎಂದು ಕಾಯುತ್ತ ನಿಂತಳು. ಯಾರೂ ಗದರಿಸಲಿಲ್ಲ. ಗೋಡೆಯ ಬುಡದಲ್ಲಿ ಒಬ್ಬ ಮುದುಕಿ ಕಬ್ಬಿಣದ ಟೋಪಿಯೊಂದನ್ನು ಅಂಗಾತ ಇಟ್ಟು, ಅದರಲ್ಲಿ ಕಾವಿಗೆ ಕೂತ ಕೋಳಿಯನ್ನು ಎತ್ತಿ ಮೊಟ್ಟೆ ನೋಡುತ್ತಿದ್ದಳು.

"ಅವ್ವಾ, ದಳವಾಯಿ ಎಲ್ಲವ್ರೆ?"

"ಯಾವ ದಳವಾಯಿ?"

"ಕೋಟೆ ದಳವಾಯಿ."

ಮುದುಕಿ ಕೋಳಿಯನ್ನು ಮತ್ತೆ ಟೋಪಿಯೊಳಗೆ ಕೂರಿಸಿದಳು. "ನೀನ್ಯಾವೂರೋಳು ಮಗಾ? ನೆಲದೊಳಗಿಂದ ಎದ್ ಬಂದ್ಯಾ? ದಂಡು ಹೋಗಿ ಯಾವ ಕಾಲ ಆಯ್ತು! ಅದ್ಯಾವನೋ ತಾನೇ ಚಕ್ರವರ್ತಿ ಆಯ್ತೀನಿ ಅಂತ ಎದ್ದ, ಇವ್ರೆಲ್ಲ ಅವ್ನ ಬಾಲ ಹಿಡ್ಕೊಂಡು ಹಡಗತ್ತಿ ಕಡಲಾಚೆ ಹೋದ್ರು. ನನ್ ಗಂಡನೂವೆ. ಅಂಗಿ ಒಗ್ದಾಕಿರು, ಬತ್ತೀನಿ ಅಂದ. ಒಗ್ದಾಕ್ದೆ. ಒಣಗ್ತು. ಮಡಿಸಿಟ್ಟೆ. ಇಲಿ ತಿಂದ್ವು."

"ಎಲ್ರೂವಾ?"

"ಕುದ್ರೆ ಸಮೇತ. ಊರಾಗೆ ತೆರಿಗೆ ಕೇಳಕ್ ಬಂದೋರ್ನ ಜನ ಕಲ್ಲಲ್ಲಿ ಹೊಡ್ದು ಓಡ್ಸುದ್ರಂತೆ. ಕೇಳೋರೇ ಇಲ್ಲ ಈಗ."

"ನಮ್ ಉಪ್ಪಿನ ಮಾಳದಾಗೆ ಸಿಪಾಯ್ಗಳು ಅವ್ರಲ್ಲವ್ವ. ಮೂರ್ ಜನ."

ಮುದುಕಿ ಬಾಯಿ ತೆರೆದಳು. ನಗು ಎಲ್ಲಿಂದ ಹುಟ್ಟಿತೋ, ಕೆಮ್ಮಾಗಿ, ಕಣ್ಣೀರಾಗಿ ಇಳಿಯಿತು.

"ಫಾವೋನಿಯ ಮಾಳನಾ? ಅಯ್ಯೋ ನನ್ ತಾಯೇ! ಆ ಟೋಪಿ ಮಾರ್ದೋಳು ನಾನೇ ಕಣಮ್ಮಿ. ಇಲ್ಲೇ ಕಸದಾಗೆ ಬಿದ್ದಿದ್ವು, ಒಂದು ಪೀಪಾಯಿ ಉಪ್ ಕೊಟ್ಟು ತಕ್ಕೊಂಡೋದ. ಮನೆ ಆಳ್ಗಳ್ನೂ ಕರ್ಕೊಂಡೇ ಬಂದಿದ್ದ, ತಲೆ ಅಳ್ತೆ ನೋಡಕ್ಕೆ. ಅಡ್ಗೆಯೋನು ದೊಕ್ಕ ಅಂತ ಒಬ್ಬ, ಬಚ್ಚಲೊಲೆಗೆ ಉರಿ ಹಾಕೋನು ಒಬ್ಬ, ಲದ್ದಿ ಬಳಿಯೋನು ಒಬ್ಬ. ಅಡ್ಗೆಯೋನ್ದು ದಪ್ಪ ಬೆರಳು, ದಪ್ಪ ತಲೆ, ಟೋಪಿ ಕೂರ್ನೇ ಇಲ್ಲ. ಒಳ್ಗಿನ ಚರ್ಮ ಕಿತ್ತು ಬಡ್ದು ಕೂರಿಸ್ದೋ."

ತಂಕೋರಿಗೂ ನಗು ಬಂತು. ಅವಳು ನಕ್ಕಳು. ನಗುತ್ತ ನಗುತ್ತಲೇ ಗೋಡೆಗೆ ಕೈಕೊಟ್ಟು ವಾಂತಿ ಮಾಡಿಕೊಂಡಳು. ಮಾಳದಲ್ಲಿ ಅಷ್ಟು ಜನ ನಿಂತಿದ್ದರು. ಅಷ್ಟು ಹಾರೆಗಳಿದ್ದವು. ಒಬ್ಬ ಅಡುಗೆಯವನು ಅವಳ ಗಂಡನ ಬಾಯಿಗೆ ಉಪ್ಪು ತುರುಕುವುದನ್ನು ಅಷ್ಟೂ ಜನ ಕೈಕಟ್ಟಿ ನೋಡಿದ್ದರು.

ದಳವಾಯಿಗೆಂದು ತಂದ ಹಾವುಮೀನಲ್ಲಿ ಅರ್ಧ ಮುದುಕಿಗೆ ಕೊಟ್ಟಳು. ಮಿಕ್ಕದ್ದನ್ನು ದಾರಿಯುದ್ದಕ್ಕೂ ಹಲ್ಲಲ್ಲಿ ಹರಿದು ಹರಿದು ತಿನ್ನುತ್ತ ಬಂದಳು.

ಮರುದಿನ ಬೆಳಿಗ್ಗೆ ಹೆಂಟೆಯ ರಾಶಿಯ ಮರೆಯಲ್ಲಿ ಹೇಳಿದಳು. ಬ್ರಿಕಾ ಅನ್ನುವ ಪಕ್ಕದೊಲೆಯ ಹೆಂಗಸು ಬಾಯಿ ಮೇಲೆ ಕೈಯಿಟ್ಟುಕೊಂಡಳು. ಕೂನಜ್ಜ ನಂಬಲಿಲ್ಲ.

"ಯಾವ್ಳೋ ಮುದ್ಕಿ ಮಾತು ಕಟ್ಕೊಂಡು... ಅದೆಂಗಾದಾತು? ಅಂಗೇನಾರ ಆಗಿದ್ರೆ ಮೊನ್ನೆ ನಾವು... ಮತುಗನ್ನ..."

ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಅಷ್ಟರಲ್ಲಿ ದಪ್ಪ ಬೆರಳಿನ ಸಿಪಾಯಿ ಒಲೆಗಳ ಸಾಲಿನಲ್ಲಿ ಬಂದ. ಕೆಲಸ ಬಿಟ್ಟು ಕೂತವರನ್ನು ಕಂಡು ಕೋಲೆತ್ತಿದ. ತಂಕೋರಿ ಎದ್ದು ಅವನ ಎದುರಿಗೇ ಹೋಗಿ ನಿಂತಳು. ಸಿಪಾಯಿಯ ಎದುರು ಹಾಗೆ ನಿಂತವರನ್ನು ಆ ಮಾಳ ಕಂಡಿರಲಿಲ್ಲ.

"ದೊಕ್ಕಾ," ಎಂದಳು, "ಇವತ್ತೇನ್ ಸಾರ್ ಮಾಡ್ದೆ?"

ಕೋಲು ಎತ್ತಿದಲ್ಲೇ ನಿಂತಿತು. ಕೆನ್ನೆಯ ಕಬ್ಬಿಣದ ನಡುವೆ ಬಾಯಿ ತೆರೆಯಿತು, ಮುಚ್ಚಿತು. ಹುಟ್ಟಿದಾಗಿನಿಂದ ಯಾರು ಏನು ಕೇಳಿದರೂ ಥಟ್ಟನೆ ಉತ್ತರ ಕೊಟ್ಟು ಬದುಕಿದ ಮನುಷ್ಯ. ಭಯಕ್ಕೆ ಬಾಯಿ ತಾನಾಗಿಯೇ ಬಿಚ್ಚಿಕೊಂಡಿತು.

"ಬಟಾಣಿ," ಎಂದ, ಮಾಳದವರದೇ ಮಾತಿನಲ್ಲಿ. "ಬಟಾಣಿ ಸಾರು."

ಮೊದಲು ಅವನ ಮೇಲೆ ಬಿದ್ದವಳು ಬ್ರಿಕಾ. ಅವಳ ಹಿಂದೆ ಉಳಿದ ಹೆಂಗಸರು. ಕುದಿಯುವ ಉಪ್ಪುನೀರು, ಬಾನಿ, ಹೆಂಟೆ, ಕೈಗೆ ಸಿಕ್ಕಿದ್ದೆಲ್ಲ. ಗದ್ದಲಕ್ಕೆ ಓಡಿ ಬಂದ ಇನ್ನಿಬ್ಬರಲ್ಲಿ ಲದ್ದಿ ಬಳಿಯುವವನು ಅರ್ಧ ದಾರಿಯಲ್ಲೇ ಟೋಪಿ ಕಿತ್ತೆಸೆದು ಜೌಗಿನ ಹುಲ್ಲಿಗೆ ನುಗ್ಗಿ ಕಾಣೆಯಾದ. ಬಚ್ಚಲೊಲೆಯವನು ಸಿಕ್ಕಿಬಿದ್ದ. ನಂಬದೇ ಇದ್ದ ಕೂನಜ್ಜನೇ ಅವನಿಗೆ ಹಾರೆ ಬೀಸಿದವನು. ಬಿದ್ದ ಮೇಲೂ ಬೀಸಿದ. ಅವನು ಅಲುಗುವುದು ನಿಂತ ಮೇಲೂ ಬೀಸುತ್ತಲೇ ಇದ್ದ. "ಒಂದ್ ಮಾತಾಡ್ಬಾರ್ದಿತ್ತೇನೋ ಬೋಳಿಮಗನೆ, ಒಂದ್ ಸಲ ಬಾಯ್ ಬುಟ್ಟಿದ್ರೆ ಗೊತ್ತಾಯ್ತಿರ್ಲಿಲ್ವೇನೋ," ಎಂದು ಅಳುತ್ತ ಬೀಸುತ್ತಿದ್ದ. ಇಬ್ಬರು ಹಿಡಿದು ಬಿಡಿಸಬೇಕಾಯಿತು.

ದೊಕ್ಕನ ಟೋಪಿ ಕಿತ್ತರು. ಸರಪಣಿ ಅಂಗಿ ಎಳೆದರು. ಅಂಗಿಯ ಕೆಳಗೆ, ಕೊರಳಿಗೆ ಬೆಸೆದ ಕಬ್ಬಿಣದ ಪಟ್ಟಿ ಇತ್ತು. ಅದರ ಮೇಲೆ ಅಕ್ಷರ.

"ಹೊಡೀಬೇಡ್ರವ್ವ," ಎಂದು ಅವನು ಕೈ ಅಡ್ಡ ಹಿಡಿದ. "ನಾನೂ ಜೀತದೋನೇ. ನೋಡ್ರವ್ವ ಇಲ್ಲಿ. ಇವ್ನು ಫಾವೋನಿಯಸ್ ಸೊತ್ತು, ತಪ್ಪುಸ್ಕೊಂಡ್ರೆ ಹಿಡ್ಕೊಡಿ ಅಂತ ಬರ್ದೈತಂತೆ."

"ಸೊತ್ತಿನ ಕೈಗೆ ಉಪ್ಪಿನ ಮಂಕ್ರಿ ಯಾರ್ ಕೊಟ್ರು?" ಎಂದಳು ತಂಕೋರಿ.

"ಅವ್ರೇ ಕೊಟ್ರು."

"ನೀನು ಇಸ್ಕೊಂಡೆ."

ದೊಕ್ಕ ಆ ಕೈಗಳನ್ನು ಬೆನ್ನ ಹಿಂದೆ ಸರಿಸಿದ. ಬ್ರಿಕಾ ಸಲಿಕೆ ಎತ್ತಿದಳು; ತಂಕೋರಿ ಅವಳ ಕೈ ಹಿಡಿದಳು.

"ಇವ್ನು ಎಲ್ಗೂ ಓಡೋಗಲ್ಲ ತಡಿ. ನಿನ್ ಧಣಿ ಎಲ್ಲವ್ನೆ, ಅದ್ನ ಹೇಳು."

"ಹಡಗು ಬಂದೈತೆ. ಇವತ್ತಿನ ಉಬ್ಬರಕ್ಕೆ ಕಡಲಾಚೆ ಹೊಂಟವ್ರೆ. ನಮ್ಮನ್ನ ಇಲ್ಲೇ ಬುಟ್ಟು," ಎಂದ ದೊಕ್ಕ. ಅವನ ದನಿಯಲ್ಲಿ ನೋವಿತ್ತು. ಆ ನೋವಿಗೆ ತಂಕೋರಿಗೆ ಅವನನ್ನು ಇನ್ನೊಮ್ಮೆ ಹೊಡೆಯಬೇಕೆನ್ನಿಸಿತು.

ಕಡಲು ಇಳಿದು ಕಣ್ಣು ಹಾಯುವ ತನಕ ಬೂದುಬಣ್ಣದ ಕೆಸರು ಮಲಗಿತ್ತು. ಅದರ ಕೊನೆಯಲ್ಲಿ ಒಂದು ದೋಣಿ, ಅದರಾಚೆ ನೀರಿನಲ್ಲಿ ಹಡಗು. ಕಲ್ಲುಮನೆಯ ಬಾಗಿಲು ತೆರೆಯಿತು. ಫಾವೋನಿಯಸ್ ಒಂದು ಸಣ್ಣ ಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಹೊರಗೆ ಬಂದ. ಬಿದ್ದಿದ್ದ ಹೆಣ ನೋಡಿದ. ಮಂಡಿಯೂರಿದ್ದ ಅಡುಗೆಯವನನ್ನು ನೋಡಿದ. ಓಡಲಿಲ್ಲ. ಗತ್ತು ಅವನಿಗೆ ಮೈಚರ್ಮದಂತೆ ಅಂಟಿತ್ತು.

"ಸರಿ," ಎಂದ. "ಇದನ್ನ ನಾನು ನೋಡಿಲ್ಲ ಅಂದುಕೊಳ್ತೀನಿ. ಈಗ ಕುಣೀತಿದೀರಿ, ಕುಣೀರಿ. ದಂಡು ವಾಪಸ್ ಬಂದೇ ಬರುತ್ತೆ. ನಿಮ್ಮ ಅಜ್ಜಂದಿರ ಕಾಲದಲ್ಲೂ ಹೋಗಿತ್ತು, ಬಂದಿತ್ತು. ಬಂದಾಗ ಯಾರು ನಿಯತ್ತಿನವರು, ಯಾರನ್ನ ನೇಣಿಗೇರಿಸಬೇಕು ಅಂತ ಹೇಳೋನು ನಾನೇ. ನನ್ನನ್ನ ದೋಣಿಗೆ ದಾಟಿಸಿ."

ಆಮೇಲೆ, ನೋಡನೋಡುತ್ತ, ಇಬ್ಬರು ಗಂಡಸರು ತಲೆ ತಗ್ಗಿಸಿ ಮುಂದೆ ಬಂದೇಬಿಟ್ಟರು. ಅವರ ಕೈಯಿಂದ ಬಚ್ಚಲೊಲೆಯವನ ರಕ್ತ ಇನ್ನೂ ತೊಟ್ಟಿಕ್ಕುತ್ತಿತ್ತು. ಧಣಿಯನ್ನು ಕೆಸರು ದಾಟಿಸುವುದು ಅವರ ಪಾಳಿಯಾಗಿತ್ತು; ಕರೆದರು, ಕಾಲು ನಡೆದವು, ಅಷ್ಟೆ.

"ನೀವ್ ಬುಡ್ರಲಾ," ಎಂದಳು ತಂಕೋರಿ. "ನಾನ್ ಹೊತ್ಕೋತೀನಿ."

"ನಿಂಗೇನ್ ಬಂತೇ?" ಎಂದು ಬ್ರಿಕಾ ಕಿರುಚಿದಳು.

ತಂಕೋರಿ ಕಾಲಿಗೆ ಅಗಲವಾದ ಕೆಸರುಹಲಗೆ ಬಿಗಿದುಕೊಂಡು ಬೆನ್ನು ಕೊಟ್ಟು ಕೂತಳು. ಫಾವೋನಿಯಸ್ ಹತ್ತಿದ. ಭಾರವಿದ್ದ. ಮೈಯಿಂದ ಎಣ್ಣೆಯ ಕಂಪು ಬರುತ್ತಿತ್ತು. ಪೆಟ್ಟಿಗೆಯ ಮೂಲೆ ಅವಳ ಕತ್ತಿಗೆ ಚುಚ್ಚುತ್ತಿತ್ತು. ಕೆಸರಿನ ಮೇಲೆ ಹೆಣೆದ ತಡಿಕೆಗಳನ್ನು ಹಾಸಿ ದೋಣಿಯ ತನಕ ದಾರಿ ಮಾಡಿದ್ದರು. ಅದರ ಮೇಲೆ ಹೆಜ್ಜೆಯಿಟ್ಟು ನಡೆದಳು. ದಡದ ಗದ್ದಲ ಹಿಂದಾಗುತ್ತಿದ್ದಂತೆ ಅವನಿಗೆ ಉಸಿರು ಬಂತು, ಉಸಿರಿನ ಜೊತೆಗೆ ಮಾತೂ.

"ನೀನು ಬುದ್ಧಿವಂತೆ. ಇವರಂತಲ್ಲ. ನೆನಪಿಟ್ಟುಕೊಳ್ತೀನಿ. ಗಂಡ ಇದಾನಾ ನಿನಗೆ?"

"ಇದ್ದ ಬುದ್ಧೀ."

"ಏನಾಯ್ತು?"

"ಉಪ್ ಜಾಸ್ತಿ ಆಯ್ತು."

ಬೆನ್ನ ಮೇಲಿನ ಮೈ ಸೆಟೆಯಿತು. ತಂಕೋರಿ ತಡಿಕೆಯಿಂದ ಕೆಳಗಿಳಿದು ಎಡಕ್ಕೆ ತಿರುಗಿದಳು. ಅಲ್ಲಿ ಹಿಂದೆಂದೋ ಹರಿದ ತೊರೆಯ ಬಾಯಿ. ಮೇಲೆ ನುಣ್ಣಗೆ ಹೊಳೆಯುವ ಕೆಸರು, ಕೆಳಗೆ ಬರೀ ಗಂಜಿ.

"ದಾರಿ ಆ ಕಡೆ."

"ಹೂಂ ಬುದ್ಧೀ."

"ಏಯ್! ದಾರಿ ಆ ಕಡೆ ಇದೆ!"

ಅವಳು ನಿಂತು, ಮೈ ಕೊಡವಿ ಅವನನ್ನು ಇಳಿಸಿದಳು. ಬೂಟು ಮುಳುಗಿತು, ಮಂಡಿ ಮುಳುಗಿತು. ಒಂದು ಕಾಲು ಕೀಳಲು ಹೋದ. ಇನ್ನೊಂದು ತೊಡೆಯ ತನಕ ಇಳಿಯಿತು. ಪೆಟ್ಟಿಗೆಯನ್ನು ಮುಂದೆ ಒಡ್ಡಿ ಅದರ ಮೇಲೆ ಭಾರ ಹಾಕಿದ. ಪೆಟ್ಟಿಗೆ ಸದ್ದಿಲ್ಲದೆ ಒಳಗೆ ಹೋಯಿತು. ತಂಕೋರಿ ಹಲಗೆಯ ಮೇಲೆ ಕಾಲು ಅಗಲಿಸಿ ನಿಂತು ನೋಡಿದಳು. ಅವನ ಮುಖ ಈಗ ಅವಳ ಸೊಂಟದ ಮಟ್ಟಕ್ಕಿತ್ತು.

"ಕೈ ಕೊಡು. ಕೊಡೇ! ನಿನಗೆ ಬಿಡುಗಡೆ ಕೊಡ್ತೀನಿ. ಮಾಳದಿಂದ ಬಿಡುಗಡೆ. ಇಗೋ, ಈಗಲೇ ಕೊಟ್ಟೆ, ಚಕ್ರವರ್ತಿಯ ಹೆಸರಿನಲ್ಲಿ!"

"ಯಾವ ಚಕ್ರವರ್ತಿ ಬುದ್ಧೀ? ಈಗ ಯಾರವ್ರೆ?"

ಅವನು ಹೇಳಲು ಬಾಯಿ ತೆರೆದ. ಅವನಿಗೂ ಗೊತ್ತಿರಲಿಲ್ಲ.

ದೋಣಿಯವರು ಇದನ್ನೆಲ್ಲ ನೋಡುತ್ತಿದ್ದರು. ಒಬ್ಬ ಶಿಳ್ಳೆ ಹಾಕಿದ. ದೂರದಲ್ಲಿ ನೀರಿನ ಬಿಳಿ ಗೆರೆ ಕಾಣಿಸಿಕೊಂಡಿತು. ಅದು ಬಂದು ದೋಣಿಯನ್ನು ಮೇಲೆತ್ತಿದ್ದೇ ತಡ, ಹುಟ್ಟು ಹಾಕಿ ಹಡಗಿನ ಕಡೆಗೆ ತಿರುಗಿಸಿಬಿಟ್ಟರು. ಆ ಅಳಿವೆಯ ಉಬ್ಬರ ನಿಂತವರಿಗೆ ಬಿಡುವು ಕೊಡುವಂಥದಲ್ಲ. ತಂಕೋರಿ ತಡಿಕೆ ಹಿಡಿದು ದಡ ಸೇರುವಷ್ಟರಲ್ಲಿ ನೀರು ಅವಳ ಹಿಮ್ಮಡಿ ನೆಕ್ಕುತ್ತಿತ್ತು.

ದಡದಲ್ಲಿ ಉಗ್ರಾಣದ ಬಾಗಿಲು ಮುರಿದಿದ್ದರು. ಒಬ್ಬಳು ಗಂಜಿಯ ಮಡಕೆಗೆ ಎರಡು ಬೊಗಸೆ ಉಪ್ಪು ಸುರಿದು, ಬಾಯಿಗಿಟ್ಟು, ತಿನ್ನಲಾಗದೆ ಉಗಿದು, ಮತ್ತೆ ತಿನ್ನುತ್ತಿದ್ದಳು. ತಂಕೋರಿ ಕಟ್ಟೆಯ ಮೇಲೆ ಕೂತು ಕಾಲಿನ ಹಲಗೆ ಬಿಚ್ಚತೊಡಗಿದಳು. ಯಾರೋ ಬಂದು ಪಕ್ಕದಲ್ಲಿ ನಿಂತರು. ದೊಕ್ಕ. ಮುಖವೆಲ್ಲ ಬೊಬ್ಬೆ, ಒಂದು ಕಣ್ಣು ಮುಚ್ಚಿತ್ತು. ಕೈಯಲ್ಲಿ ಹಗ್ಗದ ಸುರುಳಿ.

"ನೀರು ಇನ್ನೂ ಧಣಿ ಎದೆವರ್ಗೇ ಐತೆ," ಎಂದ. "ತಡಿಕೆ ಮ್ಯಾಲೆ ಹೋಗಿ ಹಗ್ಗ ಎಸುದ್ರೆ ಸಿಕ್ತಾರೆ."

"ಎಸಿ."

ಅವನು ನಂಬಲಿಲ್ಲ. "ಎಸೀಲಾ?"

"ನಾನೇನ್ ನಿನ್ ಧಣಿನಾ, ನನ್ ಕೇಳಕ್ಕೆ? ಎಸಿ ಅಂದ್ರೆ ಎಸಿ, ಬ್ಯಾಡ ಅಂದ್ರೆ ಬ್ಯಾಡ. ದಡಕ್ ಬಂದ್ರೆ ಅವ್ನು ಮತ್ತೆ ನಿನ್ ಧಣಿ. ಅಷ್ಟೇಯ."

ದೊಕ್ಕ ಕಡಲು ನೋಡಿದ. ಕೈ ಮೇಲೆ ಹೋಗಿ ಕೊರಳ ಪಟ್ಟಿಯನ್ನು ಒಮ್ಮೆ ಸುತ್ತ ತಿರುಗಿಸಿತು. ಆಮೇಲೆ ಹಗ್ಗದ ಸುರುಳಿಯನ್ನು ನೆಲದ ಮೇಲೆ ಹಾಕಿ, ಅದರ ಮೇಲೆಯೇ ಕುಕ್ಕರಿಸಿದ. ತಂಕೋರಿ ಅವನ ಕಡೆಗೆ ತಿರುಗಲಿಲ್ಲ. ಇವನ ಲೆಕ್ಕ ಬೇರೆ ತೀರಬೇಕಿತ್ತು. ಬ್ರಿಕಾ ಸಲಿಕೆ ಹಿಡಿದು ಹಿಂದೆಯೇ ನಿಂತಿದ್ದಳು.

ನೀರಿನ ಮೇಲಿಂದ ದನಿ ಬರುತ್ತಿತ್ತು. ಮೊದಲು ರೋಮಿನ ಮಾತಿನಲ್ಲಿ, ಏನೋ ಅಪ್ಪಣೆಯಂತೆ. ಆಮೇಲೆ ಬೇಡಿಕೆಯಂತೆ. ಆಮೇಲೆ ಅವನು ಹೆಸರು ಹಿಡಿದು ಕೂಗತೊಡಗಿದ. ತನ್ನನ್ನು ಹೊತ್ತು ತಂದವಳ ಹೆಸರನ್ನು ನೆನಪು ಮಾಡಿಕೊಳ್ಳುತ್ತಿದ್ದ.

"ಬ್ರಿಕಾ!" ಎಂದು ಕೂಗಿದ. ಸ್ವಲ್ಪ ತಡೆದು, "ಸೆನುನಾ!" ಎಂದ. ನೀರು ಗದ್ದಕ್ಕೆ ಬಂದಿತ್ತು. "ವೆಲೋರಿಗಾ!"

ಮಾಳದ ಹೆಂಗಸರೆಲ್ಲ ತಮ್ಮ ತಮ್ಮ ಹೆಸರು ಕಡಲಿನಿಂದ ಒಂದೊಂದಾಗಿ ಬರುವುದನ್ನು ಕೇಳುತ್ತ ದಡದಲ್ಲಿ ನಿಂತಿದ್ದರು. ತಂಕೋರಿ ಹಲಗೆಯ ಕೆಸರು ಕೆರೆಯುವುದನ್ನು ನಿಲ್ಲಿಸಿ ಕಿವಿಗೊಟ್ಟಳು. ಇನ್ನೂ ಎರಡು ಹೆಸರು ಕೇಳಿಸಿದವು. ಅದರಲ್ಲಿ ಒಂದೂ ಅವಳದಾಗಿರಲಿಲ್ಲ.